ಕೌಂಟರಿನ ಮೇಲೆ ಬಿಟ್ಟ ಕನ್ನಡಕ

ಕೇಳಿದ ಬೆಲೆ ಕೊಟ್ಟು ಏನಾದರೂ ಕೊಂಡು ಬಂದ ದಿನ ನನಗೆ ಊಟ ಸೇರುವುದಿಲ್ಲ. ಇದು ರೋಗ ಎಂದು ನನ್ನ ಹೆಂಡತಿ ಶಾರದೆ ಹೇಳುತ್ತಾಳೆ. ನಾನು ವಿದ್ಯೆ ಎನ್ನುತ್ತೇನೆ. ಮೊದಲು ವಸ್ತುವಿನಲ್ಲಿ ಐಬು ಹುಡುಕಬೇಕು. ಆಮೇಲೆ ಎದ್ದು ಹೊರಡಬೇಕು, ಆದರೆ ಹಿಂದಿನಿಂದ ಕರೆದರೆ ಕೇಳಿಸುವಷ್ಟು ನಿಧಾನವಾಗಿ. ಚಿಕ್ಕಪೇಟೆಯಲ್ಲಾದರೆ ಮೂರನೆಯ ಹೆಜ್ಜೆಗೇ "ಬನ್ನಿ ಸಾರ್, ಎಷ್ಟು ಕೊಡ್ತೀರ ಹೇಳಿ" ಎಂಬ ದನಿ ಬಂದುಬಿಡುತ್ತದೆ. ಬರದಿದ್ದರೆ? ಅದಕ್ಕೂ ಉಪಾಯವಿದೆ. ಹೊರಡುವ ಮುಂಚೆ ಕನ್ನಡಕವನ್ನು ಅಲ್ಲೇ ಮರೆತುಬಿಡಬೇಕು. ಅದನ್ನು ತರುವ ನೆಪದಲ್ಲಿ ಮರ್ಯಾದೆಯಾಗಿ ಮತ್ತೆ ಒಳಗೆ ಹೋಗಬಹುದು. ಬೆಂಗಳೂರಿನಿಂದ ಲಾಸ್ ಏಂಜಲೀಸಿಗೆ ಹೊಸದಾಗಿ ಬಂದ ಇಂಜಿನಿಯರುಗಳಿಗೆ ಇದನ್ನು ನಾನು ಪುಕ್ಕಟೆಯಾಗಿ ಹೇಳಿಕೊಟ್ಟಿದ್ದೇನೆ. ಅವರಲ್ಲೊಬ್ಬ ಕಾರು ಮಾರುವವನ ಮೇಜಿನ ಮೇಲೆ ಕನ್ನಡಕ ಬಿಟ್ಟು ಬಂದು, ಅದಿಲ್ಲದೆ ಡ್ರೈವ್ ಮಾಡಲಾಗದೆ ಪಾರ್ಕಿಂಗ್ ಲಾಟಿನಲ್ಲಿ ಕಂಬ ಹಿಡಿದುಕೊಂಡು ನಿಂತಿದ್ದನಂತೆ. ಅದು ವಿದ್ಯೆಯ ತಪ್ಪಲ್ಲ.

ಕಸುಬಿನಲ್ಲಿ ನಾನು ಹಳೆ ಅಂಗಡಿಗಳ ರ‍್ಯಾಕು, ಕೌಂಟರು, ಗಾಜಿನ ಬೀರುಗಳನ್ನು ಕೊಂಡು ಮಾರುವವನು. ಲಾಸ್ ಏಂಜಲೀಸಿನ ಅಂಚಿನ ಚಾಟ್ಸ್‌ವರ್ತ್‌ನಲ್ಲಿ ಒಂದು ಬಾಡಿಗೆ ಶೆಡ್ಡಿನಲ್ಲಿ ಶುರುಮಾಡಿದ್ದು, ಈಗ ಸ್ಯಾನ್ ಡಿಯೇಗೋ ಪಕ್ಕದ ಪೊವೇಯಲ್ಲಿ ಸ್ವಂತ ಗೋದಾಮಿದೆ. ಕೋವಿಡ್ ಬಂದಾಗ ಶಾರದೆ ನಮ್ಮ ಗ್ಯಾರೇಜಿನಲ್ಲಿ ಸೀರೆ ಮಾರಲು ತೊಡಗಿದಳು. ವಾಟ್ಸಾಪಿನಲ್ಲಿ ಫೋಟೋ ಹಾಕುವುದು, ಬಾಗಿಲಲ್ಲಿ ಸೀರೆ ಕೊಡುವುದು. ಒಂದೆರಡು ವರ್ಷದಲ್ಲಿ ಗ್ಯಾರೇಜು ತುಂಬಿ, ಕಾರುಗಳು ಬಿಸಿಲಿಗೆ ಬಿದ್ದು, ಮೈಸೂರು ಸಿಲ್ಕು ವಾಷಿಂಗ್ ಮೆಷೀನಿನ ಮೇಲೆ ಹತ್ತಿ ಕೂತಿತು. ಆಮೇಲೆ ಕಾಲೊನಿಯವರಿಂದ ನೋಟಿಸ್ ಬಂತು: ತಿಂಗಳೊಳಗೆ ವ್ಯಾಪಾರ ನಿಲ್ಲಿಸಬೇಕು. ಶಾರದೆ ನೋಟಿಸನ್ನು ಫ್ರಿಜ್ಜಿಗೆ ಅಂಟಿಸಿ, "ನಂಗೊಂದು ನಿಜವಾದ ಅಂಗಡಿ ಬೇಕು ರೀ" ಎಂದಳು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಲಾಸ್ ಏಂಜಲೀಸಿಗೂ ಸ್ಯಾನ್ ಡಿಯೇಗೋಗೂ ನಡುವೆ, ಫ್ರೀವೇ ಬಿಟ್ಟು ಒಳಗೆ ಹೋದರೆ ಒಂದು ಸಣ್ಣ ಊರಿದೆ. ಎರಡು ಕಡೆಯ ಗಿರಾಕಿಗಳೂ ಬರಬಹುದಾದ ಜಾಗ. ಅಲ್ಲಿಯ ಮುಖ್ಯ ಬೀದಿಯಲ್ಲಿ ಅವಳು ಒಂದು ಹಳೆ ಕಟ್ಟಡ ನೋಡಿಟ್ಟಿದ್ದಳು. ಇಂಥವನ್ನು ನೀವೂ ನೋಡಿರುತ್ತೀರಿ: ಎರಡು ದೊಡ್ಡ ಗಾಜಿನ ಕಿಟಕಿ, ನಡುವೆ ಒಳಕ್ಕೆ ಸರಿದ ಬಾಗಿಲು, ಇಟ್ಟಿಗೆ ಗೋಡೆಯ ಮೇಲೆ ಅರ್ಧ ಮಾಸಿದ ದೊಡ್ಡ ಅಕ್ಷರಗಳು. ಬಟ್ಟೆಬರೆ, ಬೂಟು, ಹೊದಿಕೆ ಎಲ್ಲ ಮಾರುತ್ತಿದ್ದ ಒಂದು ಕಂಪನಿ ಆ ಕಾಲದಲ್ಲಿ ಊರೂರಿಗೂ ಇಂಥದೊಂದು ಅಂಗಡಿ ತೆರೆದಿತ್ತು. ಕಂಪನಿ ದೊಡ್ಡ ಶಾಪಿಂಗ್ ಮಾಲ್‌ಗಳಿಗೆ ಹೋಯಿತು, ಕಟ್ಟಡಗಳು ಉಳಿದುಕೊಂಡವು. ಕೆಲವು ಪಿಜ್ಜಾ ಅಂಗಡಿಯಾದವು, ಕೆಲವು ಯೋಗ ಶಾಲೆಯಾದವು. ಇದು ಖಾಲಿ ಇತ್ತು.

ಮಾಲಕಿ ಡೋರಿಸ್ ಎಂಬ ಎಂಬತ್ತು ದಾಟಿದ ಅಜ್ಜಿ. ಬಾಡಿಗೆ ಹೇಳಿ, "ಹೇಳೋದು ಒಂದೇ ಬೆಲೆ. ನಾಳೆ ಬೆಳಿಗ್ಗೆ ಒಬ್ಬ ಕಾಫಿ ಅಂಗಡಿಯವನು ನೋಡೋಕೆ ಬರ್ತಾನೆ" ಎಂದರು. ನಾಳೆ ಒಬ್ಬ ಬರುತ್ತಾನೆ ಎಂಬ ಮಾತನ್ನು ನಾನೇ ಎಷ್ಟು ಸಲ ಹೇಳಿಲ್ಲ? ಕನ್ನಡಕ ತೆಗೆದು ಕೈಯ ಪಕ್ಕದಲ್ಲಿ, ಹಳೆ ಕೌಂಟರಿನ ಮೇಲೆ ಇಟ್ಟೆ. ನನ್ನದು ಹತ್ತಿರದ್ದನ್ನು ನೋಡುವ ಕನ್ನಡಕ. ದೂರದ್ದು ಅದಿಲ್ಲದೆಯೇ ಚೆನ್ನಾಗಿ ಕಾಣುತ್ತದೆ. ಮೇಲ್ಛಾವಣಿಯಲ್ಲಿ ನೀರಿನ ಕಲೆ ತೋರಿಸಿದೆ. ನೆಲ ಕಿರುಗುಟ್ಟುತ್ತದೆ ಎಂದೆ. ಹಿಂದುಗಡೆ ಎತ್ತರದಲ್ಲಿದ್ದ, ಕಟಕಟೆ ಹಾಕಿದ ಅಟ್ಟ ಯಾವ ಉಪಯೋಗಕ್ಕೂ ಬಾರದು ಎಂದೆ. ಅಜ್ಜಿ ಎಲ್ಲದಕ್ಕೂ ಹೌದು ಎಂದರು, ಬೆಲೆ ಮಾತ್ರ ಅಲ್ಲೇ ನಿಂತಿತು.

"ಸರಿ, ನಡಿ ಶಾರದಾ" ಎಂದೆ.

"ಬೇಡ ರೀ," ಅವಳು ಪಿಸುಗುಟ್ಟಿದಳು. "ಇದು ಹೋದ್ರೆ ನಾನೆಲ್ಲಿಗೆ ಹೋಗ್ಲಿ?"

"ನೀನು ಸುಮ್ನೆ ನಡಿ. ಕರೀತಾರೆ."

ಬಾಗಿಲವರೆಗೆ ನಡೆದೆವು. "ಹ್ಯಾವ್ ಎ ನೈಸ್ ಡೇ" ಎಂಬ ದನಿಯೊಂದೇ ಬಂತು. ಕಾರಿನವರೆಗೆ ನಡೆದೆವು. ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕೂತೆವು. ಹತ್ತು ನಿಮಿಷವಾಯಿತು. ಅಷ್ಟರಲ್ಲಿ ಅಂಗಡಿಯ ಒಂದು ಕಿಟಕಿಯ ದೀಪ ಆರಿತು. ಆಮೇಲೆ ಇನ್ನೊಂದರದು.

"ನನ್ನ ಕನ್ನಡಕ ಬಿಟ್ಟು ಬಂದೆ ಅನ್ಸತ್ತೆ" ಎಂದೆ.

"ಗೊತ್ತು," ಎಂದು ಅವಳೂ ಇಳಿದಳು.

ಒಳಗೆ ಅಜ್ಜಿ ನನ್ನ ಕನ್ನಡಕಕ್ಕೆ ದಾರ ಕಟ್ಟಿ, ಒಂದು ಚೀಟಿ ನೇತುಹಾಕಿ, ಅದರ ಮೇಲೆ ಅಂದಿನ ತಾರೀಕು ಬರೆಯುತ್ತಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿ ಅವರು ಇದೇ ಅಂಗಡಿಯ ಅಟ್ಟದ ಮೇಲೆ ಕ್ಯಾಷಿಯರ್ ಆಗಿದ್ದರಂತೆ, ಆಗ ಗಲ್ಲಾಪೆಟ್ಟಿಗೆ ಅಲ್ಲೇ ಇರುತ್ತಿತ್ತಂತೆ. ಗಿರಾಕಿ ಬಿಟ್ಟುಹೋದ ಸಾಮಾನಿಗೆ ಚೀಟಿ ಕಟ್ಟಿಡುವುದೂ ಅವರದೇ ಕೆಲಸ. "ಅಲ್ಲಿಂದ ನೋಡಿದ್ರೆ ಯಾರು ನಿಜವಾಗಿ ಹೋಗ್ತಾರೆ, ಯಾರು ಬೀದಿ ಮೂಲೇಲಿ ನಿಂತ್ಕೋತಾರೆ ಎಲ್ಲ ಕಾಣ್ತಿತ್ತು. ಒಂದು ದಿನವೂ ಯಾರನ್ನೂ ಕರೀಲಿಲ್ಲ. ಕೈಗವಸು ಬಿಟ್ಟವರು, ಟೋಪಿ ಬಿಟ್ಟವರು, ಎಲ್ಲರೂ ತಾವೇ ಬಂದ್ರು" ಎಂದರು. ನನ್ನ ಕಡೆ ನೋಡಲೂ ಇಲ್ಲ. ನನಗೆ ನೆಲದ ಕಿರುಗುಟ್ಟುವಿಕೆ ಸ್ಪಷ್ಟವಾಗಿ ಕೇಳಿಸಿತು.

ಆಗ ಶಾರದೆ ಮುಂದೆ ಬಂದಳು. "ಬಾಡಿಗೆ ನೀವು ಹೇಳಿದಷ್ಟೇ ಕೊಡ್ತೀವಿ. ಈ ಕೌಂಟರ್ ಇಲ್ಲೇ ಇರ್ಲಿ ಅಂತ ಆಸೆ. ಬ್ಲೌಸ್ ಪೀಸ್ ಅಳೆಯೋಕೆ ಬೇಕು."

ಅಜ್ಜಿಯ ಮುಖ ಅರಳಿತು. "ಇದರ ಮೇಲೆ ಮತ್ತೆ ಬಟ್ಟೆ ಅಳೀತೀರಾ? ಹಾಗಾದ್ರೆ ಕೌಂಟರ್ ನಿಮ್ಮದೇ. ಕಾಫಿಯವನು ಫೋನಿನಲ್ಲೇ ಕಿತ್ತು ಬಿಸಾಡು ಅಂದಿದ್ದ."

ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಇಪ್ಪತ್ತು ಅಡಿ ಉದ್ದದ ಒಂದೇ ಓಕ್ ಹಲಗೆ, ಅಂಚಿಗೆ ಹೊಡೆದ ಹಿತ್ತಾಳೆಯ ಗಜದ ಪಟ್ಟಿ, ಹಿಂದೆ ನಲವತ್ತು ಸಣ್ಣ ಖಾನೆಗಳು. ನನ್ನ ಕಸುಬಿನಲ್ಲಿ ಅಂಥದು ಜೀವಮಾನಕ್ಕೊಮ್ಮೆ ಸಿಕ್ಕಿದರೆ ಹೆಚ್ಚು. ಅದರ ಬೆಲೆಯ ಮುಂದೆ ನಾನು ಇಳಿಸಲು ಹೊರಟಿದ್ದ ಬಾಡಿಗೆ ಚಿಲ್ಲರೆ. ಅದೇ ಕೌಂಟರಿನ ಮೇಲೆ ಅರ್ಧ ಗಂಟೆ ಕೈಯೂರಿಕೊಂಡು ನಾನು ಮೇಲ್ಛಾವಣಿಯನ್ನು ಬೈಯುತ್ತಿದ್ದೆ.

ಈಗ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಬಾಗಿಲಲ್ಲಿ "ಒಂದೇ ದರ" ಎಂಬ ಬೋರ್ಡಿದೆ. ಶನಿವಾರ ಭಾನುವಾರ ನಾನೂ ಹೋಗುತ್ತೇನೆ, ಆದರೆ ಗಿರಾಕಿಗಳ ಜೊತೆ ಮಾತಾಡಕೂಡದೆಂದು ಶಾರದೆ ನನ್ನನ್ನು ಅಟ್ಟದ ಮೇಲೆ ಕೂರಿಸಿದ್ದಾಳೆ. ಅಲ್ಲಿಂದ ಎಲ್ಲ ಕಾಣುತ್ತದೆ. ಸ್ಯಾಂಟಾ ಕ್ಲಾರಿಟಾದಿಂದ ಬಂದ ಕುಟುಂಬಗಳು ಐಬು ಹುಡುಕುತ್ತವೆ, ನಿಧಾನವಾಗಿ ನಡೆದು ಹೋಗುತ್ತವೆ, ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕಾಯುತ್ತವೆ. ಶಾರದೆ ಕರೆಯುವುದಿಲ್ಲ. ಬಿಟ್ಟುಹೋದ ಸಾಮಾನಿಗೆ ಚೀಟಿ ಕಟ್ಟುವ ಕೆಲಸವೂ ನನ್ನದೇ.

ಹೋದ ವಾರ ಮೈಸೂರಿನ ನಿವೃತ್ತ ಡಾಕ್ಟರೊಬ್ಬರು ಕನ್ನಡಕಕ್ಕೆಂದು ಹಿಂತಿರುಗಿದಾಗ ಮನಸ್ಸು ತಡೆಯಲಿಲ್ಲ. ಮೆಲ್ಲಗೆ ಇಳಿದು ಹೋಗಿ, ಕನ್ನಡಕವನ್ನು ಅವರ ಕೈಗಿಟ್ಟು ಕಿವಿಯಲ್ಲಿ ಹೇಳಿದೆ: "ಅಂಕಲ್, ಮುಂದಿನ ಸಲ ಛತ್ರಿ ಬಿಟ್ಟು ಹೋಗಿ. ಕನ್ನಡಕ ಬಿಟ್ರೆ ಮುಂದಿರೋ ಮಾಲು ಕಾಣ್ಸಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈ ಊರಲ್ಲಿ ಮಳೆ ಎಲ್ಲಿ ಬರತ್ತಪ್ಪ, ಛತ್ರಿ ತರೋಕೆ? ಅಂದಹಾಗೆ, ನೀನು ನಂಗೆ ಕೊಟ್ಟಿರೋದು ಬೇರೆ ಯಾರದೋ ಕನ್ನಡಕ."

ಹೌದು. ಚೀಟಿ ಓದದೆ ತಂದಿದ್ದೆ. ಓದಲು ಬೇಕಾದ ನನ್ನ ಕನ್ನಡಕ ಅಟ್ಟದ ಮೇಲೇ ಇತ್ತು.