ಸೊಪ್ಪು ತಿಂದವನ ಹರಕೆ

ಯಲ್ಲದಕೆರೆಯ ಮುದ್ದಪ್ಪ ಬಾಡು ಬಿಟ್ಟದ್ದೇ ಎಲ್ಲದಕ್ಕೂ ಮೂಲ. ರಕ್ತದಲ್ಲಿ ಕೊಬ್ಬು ಏರಿದೆಯೆಂದು ಹಿರಿಯೂರಿನ ಡಾಕ್ಟರು ಹೆದರಿಸಿ, ಮೆಡಿಟರೇನಿಯನ್ ಸಮುದ್ರದ ಕಡೆಯವರಂತೆ ಬದುಕು ಎಂದಿದ್ದರು. ಸೊಪ್ಪು, ಕಾಳು, ಹಣ್ಣು, ಆಲಿವ್ ಎಣ್ಣೆ, ಬೆಳಗಿನ ನಡಿಗೆ! ಕುರಿ ಸಾಕುವ ಮನೆಯಲ್ಲಿ ಹುಟ್ಟಿಯೂ ಮುದ್ದಪ್ಪ ತಿಂಗಳಿಡೀ ಒಂದು ಎಲುಬು ಕಡಿದವನಲ್ಲ. ನಾಳೆ ರಕ್ತಪರೀಕ್ಷೆ. ಕೊಬ್ಬು ಇಳಿದಿದ್ದರೆ ಗೆದ್ದ, ಇಲ್ಲವಾದರೆ ಜೀವಮಾನವೆಲ್ಲ ಮಾತ್ರೆ.

"ನೋಡ್ತಿರು, ನಾಳೆ ಡಾಕ್ಟ್ರೇ ನಂಗೆ ಕೈ ಮುಗೀತಾರೆ" ಎಂದು ಹೆಂಡತಿ ಚಂದ್ರಕ್ಕನೆದುರು ಮೀಸೆ ತಿರುವಿ, ಬೇಯಿಸಿದ ಕಡಲೆಗೆ ಎಣ್ಣೆ ಸುರಿದುಕೊಂಡ.

ಅಷ್ಟರಲ್ಲಿ ಅಣ್ಣ ದೊಡ್ಡತಿಮ್ಮಪ್ಪ ಓಡಿಬಂದು ತಬ್ಬಿಕೊಂಡ. "ಲೇ ಮುದ್ದಾ! ನನ್ ಮಗ ಮೋಹನ್‌ಗೆ ಪೊಲೀಸ್ ಕೆಲ್ಸ ಆತು ಕಣೋ! ನೀನು ಬಾಡು ಬಿಟ್ಟು ದಿನಾ ಗುಡಿ ಕಡೆ ನಡ್ಕಂಡು ಹೋಗ್ತಿದ್ದಿದ್ದು ಅವನಿಗೋಸ್ಕರ ಹರಕೆ ಹೊತ್ತು ಅಂತ ಈಗ ಗೊತ್ತಾತು!"

"ಅಯ್ಯೋ, ಹರಕೆ ಅಲ್ಲಣ್ಣ! ಡಾಕ್ಟ್ರು ಹೇಳಿದ ಊಟ ಇದು!"

ದೊಡ್ಡತಿಮ್ಮಪ್ಪನ ಕಣ್ಣು ತುಂಬಿತು. "ಹರಕೆ ಹೊತ್ತೋನು ಯಾವತ್ತು ಬಾಯಿಬಿಟ್ಟು ಹೇಳ್ಯಾನಪ್ಪ?"

ಹೇಳಿದರೆ ಹರಕೆಯ ಫಲ ಕೆಡುತ್ತದೆ ಎಂಬುದು ಹಟ್ಟಿಯವರ ನಂಬಿಕೆ. ಹಾಗಾಗಿ ಮುದ್ದಪ್ಪ ಅಲ್ಲ ಅಲ್ಲ ಎಂದಷ್ಟೂ ಜನಕ್ಕೆ ಹೌದು ಹೌದೆನಿಸಿತು. ಸಾಕ್ಷಿಗೆಂದು ಎಣ್ಣೆ ಸೀಸೆ ತೋರಿಸಿದ. ಪಕ್ಕದ ಮನೆ ಜಯಕ್ಕ ಎರಡು ಹನಿ ನೆತ್ತಿಗೆ ಒತ್ತಿಕೊಂಡು, "ದೇವ್ರೆಣ್ಣೆ!" ಎಂದು ಕೈಮುಗಿದಳು. ಹರಕೆ ತೀರಿಸಲೆಂದು ಕಡಿದ ಅಣ್ಣನ ಕೊಬ್ಬಿದ ಟಗರು ಮಧ್ಯಾಹ್ನದ ಹೊತ್ತಿಗೆ ಸಾರಾಗಿ ಕುದಿಯಿತು.

"ಮೊದ್ಲ ತುತ್ತು ಹರಕೆಯೋನದು. ನೀನು ಬಾಯಿಗಿಡದಿದ್ರೆ ಹುಡುಗನ ಕೆಲ್ಸ ನಿಲ್ಲಲ್ಲ, ತಿನ್ನಪ್ಪ" ಎಂದ ದೊಡ್ಡತಿಮ್ಮಪ್ಪ. ಮೋಹನ್‌ಕುಮಾರ್ ಅಲ್ಲೇ ಚಿಕ್ಕಪ್ಪನ ಕಾಲಿಗೆ ಬಿದ್ದ. ಊರಿಗೆ ಊರೇ ಮುದ್ದಪ್ಪನ ಬಾಯಿ ನೋಡುತ್ತಿತ್ತು. ಪಾಪ, ಏನು ಮಾಡಿಯಾನು? ಮೊದಲ ತುತ್ತನ್ನು ಅಣ್ಣನ ಮಗನಿಗಾಗಿ ತಿಂದ. ಆಮೇಲಿನ ಮೂರು ತಟ್ಟೆ ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ.

ಸಂಜೆ ಹೊಟ್ಟೆ ನೀವಿಕೊಳ್ಳುತ್ತಾ ಕೂತವನಿಗೆ ಮತ್ತೆ ಧೈರ್ಯ ಬಂತು. "ಪರೀಕ್ಷೆ ಒಂದು ತಿಂಗ್ಳು ಮುಂದಕ್ಕೆ ಹಾಕ್ಸಿ, ನಾಳೆಯಿಂದ ಮತ್ತೆ ಸೊಪ್ಪು ಶುರು. ಕೊಬ್ಬು ಇಳೀದೆ ಎಲ್ಲಿಗೆ ಹೋಗ್ತೈತೆ?"

"ಇಳಿದೇ ಇಳೀತೈತೆ ಬಿಡ್ರಿ" ಎಂದು ಚಂದ್ರಕ್ಕ ಹತ್ತಿರ ಬಂದು ದನಿ ತಗ್ಗಿಸಿದಳು. "ಹೇಳಬಾರದು, ಆದ್ರೂ ನಿಮ್ ಸಂಕಟ ನೋಡಕ್ಕಾಗಲ್ಲ. ನಿಮ್ ಕೊಬ್ಬು ಇಳಿದ್ರೆ ಎರಡು ಟಗರು ಕೊಡ್ತೀವಿ, ಮೊದ್ಲ ತುತ್ತು ನಿಮ್ಮದೇ ಅಂತ ನಾನು ದೇವ್ರಿಗೆ ಹರಕೆ ಹೊತ್ತೀನಿ."