ಗೋಡೆಯಿಂದ ಇಳಿದ ಪಾಠ

ಎಲ್ಲ ರಗಳೆಗೂ ಮೂಲ ಅರ್ಧ ಡಬ್ಬ ಹಳದಿ ಪೇಂಟು. ದೊಡ್ಡಮಳೂರು ರಸ್ತೆಯ ಗೊಂಬೆ ಕಾರ್ಖಾನೆಯ ಹಂಗಾಮಿ ಸೂಪರ್‌ವೈಸರ್ ಬೋರಲಿಂಗಯ್ಯ ಅದರಿಂದ ಗೋಡೆಯ ಮೇಲೆ ಉಳಿ, ಬಣ್ಣದ ಅರಗಿನ ಕಡ್ಡಿ, ಹೊಳಪು ಕೊಡುವ ತಾಳೆಗರಿ ಎಲ್ಲದರ ಆಕಾರ ಬರೆದು, ತೂಗುಹಾಕಲು ಮೊಳೆ ಹೊಡೆದಿದ್ದ. ಮೂರು ದಿನದ ತರಬೇತಿಯಲ್ಲಿ ಕಲಿಸಿದ್ದು ಅದನ್ನೇ: ಪ್ರತಿ ಸಾಮಾನಿಗೂ ಒಂದು ಜಾಗ, ಕೆಲಸ ಮುಗಿದೊಡನೆ ಅಲ್ಲಿಗೇ ವಾಪಸ್ಸು. ಅವತ್ತು ಎಲ್ಲರೂ ತಲೆಯಾಡಿಸಿದ ರಭಸಕ್ಕೆ ಫ್ಯಾನೇ ಬೇಕಾಗಿರಲಿಲ್ಲ.

ಇವತ್ತು ಗೋಡೆ ಖಾಲಿ! ಮೂರು ಗಂಟೆಗೆ ತರಬೇತಿ ಅಧಿಕಾರಿ ಮಮತಾ ಮೇಡಂ ಬರುತ್ತಾರೆ. ಕಲಿತದ್ದು ಕೆಲಸದಲ್ಲಿ ಕಂಡರೆ ಬೋರಲಿಂಗಯ್ಯನ ಹುದ್ದೆ ಕಾಯಂ ಎಂದಿದ್ದರು ಮಾಲೀಕರು. ಇಲ್ಲದಿದ್ದರೆ ಮತ್ತೆ ಲೇತಿನ ಮುಂದೆ ಕೂತು ಮರದ ಪುಡಿ ಕುಡಿಯಬೇಕು.

"ಅಂಬುಜಕ್ಕಾ, ತಾಳೆಗರಿ ಎಲ್ಲೈತೆ?"

ಮೂವತ್ತು ವರ್ಷದಿಂದ ಬುಗುರಿಗೆ ಬಣ್ಣ ಕಟ್ಟುತ್ತಿದ್ದ ಅಂಬುಜಮ್ಮ ತುರುಬಿನಿಂದ ಗರಿ ಕಿತ್ತು ತೋರಿಸಿದಳು.

"ಗ್ವಾಡೆ ಮ್ಯಾಲೆ ಮಡಗ್ಬೇಕು ಅಂತ ಏಳ್ಕೊಟ್ಟಿಲ್ವಾ?"

"ಏಳ್ಕೊಟ್ಟವ್ರೆ ಕಣಪ್ಪ. ಒಸಿ ಏಣಿನೂ ಕೊಟ್ಟಿದ್ರೆ ಮಡಗ್ತಿದ್ದೆ."

ಸಿಟ್ಟಿಗೆದ್ದ ಬೋರಲಿಂಗಯ್ಯ ಒಂದೊಂದು ಸಾಮಾನನ್ನೂ ದಾರದಿಂದ ಗೋಡೆಯ ಮೊಳೆಗೆ ಕಟ್ಟಿದ. ಪಕ್ಕದ ಲೇತಿನ ಇಸ್ಮತ್ ಉಳಿ ಎಳೆದಳು. ದಾರ ಲೇತಿಗೆ ಸುತ್ತಿಕೊಂಡಿತು, ಮೊಳೆ ಕಿತ್ತು ಬಂತು, ಅದೇ ದಾರಕ್ಕೆ ಸಿಕ್ಕಿ ಬುಗುರಿ ತುಂಬಿದ ಕಪಾಟು ಮಗುಚಿತು. ಸಾವಿರ ಬುಗುರಿ ರಸ್ತೆಗೆ ಓಡಿದವು! ಬಸ್ಸು ನಿಂತಿತು. ಕಂಡಕ್ಟರು ಟಿಕೆಟ್ ಬಿಟ್ಟು ಬುಗುರಿ ಆಯ್ದ.

"ಬೋರಣ್ಣ, ಇದು ಯಾವ ದಿನದ ಪಾಠ?" ಎಂದಳು ಇಸ್ಮತ್.

ಎರಡೂವರೆಗೆ ಬುಗುರಿ ಆಯ್ದು ಮುಗಿಸಿ ಬೋರಲಿಂಗಯ್ಯ ಅಂಬುಜಮ್ಮನ ಗಿಡ್ಡ ಮಣೆಯ ಮೇಲೆ ಕುಸಿದ. ತಲೆ ಎತ್ತಿದರೆ ಅವನು ಬರೆದ ಉಳಿ ಆಕಾಶದಲ್ಲಿ ಹದ್ದಿನಂತೆ ಕಂಡಿತು. ಆರೂಕಾಲಡಿ ಆಳು, ನಿಂತುಕೊಂಡು ತನ್ನ ಕೈಯಳತೆಗೇ ಬರೆದಿದ್ದ! ಕೂತು ದುಡಿಯುವವರನ್ನು ಒಂದು ಮಾತು ಕೇಳಿರಲಿಲ್ಲ.

"ಅಕ್ಕಾ, ತಪ್ಪಾಯ್ತು. ನಿಮ್ ಕೈ ಎಲ್ಲಿಗ್ ಓಯ್ತದೆ ಏಳಿ, ಅಲ್ಲೇ ಬರೀತೀನಿ."

"ತುರುಬಿಗೆ ಮಾತ್ರ ಪೇಂಟ್ ಬಳೀಬ್ಯಾಡ ಕಣಪ್ಪ!"

ಮೊಣಕಾಲ ಪಕ್ಕ, ಹಲಗೆಯ ಅಂಚು, ಮಣೆಯ ಮಗ್ಗುಲು, ತೋರಿಸಿದಲ್ಲೆಲ್ಲ ಬರೆದ. ಸಾಮಾನುಗಳು ತವರು ಕಂಡವರಂತೆ ಹೋಗಿ ಕೂತವು.

ಮೂರಕ್ಕೆ ಬಂದ ಮೇಡಂ ಇಸ್ಮತ್‌ಳ ಕಣ್ಣು ಮುಚ್ಚಿ, "ಉಳಿ ಕೊಡಮ್ಮ" ಎಂದರು. ಅವರ ಬಾಯಿ ಮುಚ್ಚುವುದರೊಳಗೆ ಉಳಿ ಕೈಯಲ್ಲಿತ್ತು. ಗರಿ, ಕಡ್ಡಿ, ಎಲ್ಲವೂ ಹಾಗೆಯೇ. ಬಿದ್ದ ಚಪ್ಪಾಳೆಗೆ ಕಬ್ಬಾಳು ಬೆಟ್ಟದ ಕೋತಿಗಳೂ ನಿದ್ದೆಯಿಂದೆದ್ದವಂತೆ!

ಮೇಡಂ ಅಲ್ಲೇ ವರದಿ ಬರೆದು ಮಾಲೀಕರಿಗೆ ತೋರಿಸಿ, ಇಬ್ಬರ ಸಹಿಯೊಂದಿಗೆ ಬೋರಲಿಂಗಯ್ಯನ ಕೈಗಿತ್ತರು.

"ಜೋರಾಗ್ ಓದು ಬೋರಣ್ಣ!" ಎಲ್ಲರೂ ಕೂಗಿದರು.

ಅವನು ಎದೆಯುಬ್ಬಿಸಿ ಓದಿದ: "ಜಿಲ್ಲೆಯಲ್ಲೇ ಅತ್ಯುತ್ತಮ. ಇಲ್ಲಿ ಹೇಳುವವರಿಲ್ಲದೆಯೇ ಪ್ರತಿಯೊಬ್ಬರೂ ಕಲಿತದ್ದನ್ನು ಪಾಲಿಸುತ್ತಿದ್ದಾರೆ. ಆದ್ದರಿಂದ ಸೂಪರ್‌ವೈಸರ್ ಹುದ್ದೆಯ ಅಗತ್ಯವಿಲ್ಲ. ಸೋಮವಾರದಿಂದ ರದ್ದು."

ಅಂಬುಜಮ್ಮ ಅವನ ಬೆನ್ನು ಚಪ್ಪರಿಸಿದಳು.

"ಎಂಥಾ ಸೂಪರ್‌ವೈಸರಪ್ಪ ನೀನು! ನಿನ್ನೇ ಬ್ಯಾಡ ಅನ್ನಂಗೆ ಕಲಿಸ್ಬುಟ್ಟೆ!"