ಬಲಗಡೆಯ ಬಾಗಿಲು

ತಾನು ಎಂಟು ತಿಂಗಳು ಕೂತು ಕಟ್ಟಿದ ಕಾರಿನ ಬಲಬಾಗಿಲಿಗೆ ಬಳಿಯಬೇಕಾಗಿದ್ದ ಬಣ್ಣ ನಾದಿನಿಯ ಕಾಲುಗುರುಗಳ ಮೇಲೆ ಮಿರಮಿರ ಮಿಂಚುತ್ತಿರುವುದನ್ನು ಕಂಡು ಮೆಕ್ಯಾನಿಕ್‌ಗೆ ಎದೆ ಧಸಕ್ಕೆಂದಿತು. ಅವಳು ಸೋಫಾದ ಮೇಲೆ ಕಾಲು ಚಾಚಿ ಪತ್ರಿಕೆ ಓದುತ್ತಿದ್ದಳು. ಕೈಬೆರಳು ಹತ್ತು, ಕಾಲ್ಬೆರಳು ಹತ್ತು, ಒಟ್ಟು ಇಪ್ಪತ್ತು ಉಗುರು. ಮೇಜಿನ ಮೇಲಿದ್ದ ಸೀಸೆ ಖಾಲಿ.

"ಭಾವ, ನಿಮ್ಮ ಮೇಜಿನ ಮೇಲಿತ್ತು. ಅಕ್ಕಂದು ಅಂದ್ಕೊಂಡೆ. ಚೆನ್ನಾಗಿದೆ ಅಲ್ವಾ?"

"ನನ್ನ ಬಾಗಿಲಮ್ಮಾ ಅದು!" ಎಂದು ಅವನು ಅವಳ ಹೆಬ್ಬೆರಳಿನತ್ತ ಕೈ ಚಾಚಿದ. ನಾದಿನಿ ಗಾಬರಿಯಿಂದ ಕಾಲು ಎಳೆದುಕೊಂಡಳು.

ಮೆಕ್ಯಾನಿಕ್ ಎಂಬುದು ಕಚೇರಿಯವರು ಇಟ್ಟ ಅಡ್ಡಹೆಸರು. ಅವನು ವಿಮಾ ಕಚೇರಿಯ ಗುಮಾಸ್ತ. ಸೈಕಲ್ಲಿಗೆ ಗಾಳಿ ಹೊಡೆಯಲೂ ಬಾರದವನು. ಆದರೆ ಮನೆಯಲ್ಲಿ ಅವನ ಮೇಜಿನ ಮೇಲೆ, ಮಂಚದ ಕೆಳಗೆ, ಹೆಂಡತಿಯ ಸೀರೆಗಳ ಹಿಂದೆ ಎಲ್ಲ ಸೇರಿ ಇಪ್ಪತ್ತಮೂರು ಕಾರುಗಳಿದ್ದವು, ಒಂದೊಂದೂ ಗೇಣುದ್ದ. ಬರಿಯ ಆಟಿಕೆ ಅಂದವರ ಮೇಲೆ ಅವನಿಗೆ ಕೆಂಡದಂಥ ಕೋಪ. ಅವು ಹಾಟ್ ರಾಡ್‌ಗಳು. ಅಂದರೆ ಅಜ್ಜನ ಕಾಲದ ಕಾರೊಂದನ್ನು ಹಿಡಿದು, ಅದರ ಚಾವಣಿ ಕತ್ತರಿಸಿ ತಗ್ಗಿಸಿ, ಹಿಂದೆ ದಪ್ಪ ಚಕ್ರ ಹಾಕಿ, ಎಂಜಿನ್ನು ಬಾನೆಟ್ ಸೀಳಿಕೊಂಡು ಮೇಲೆ ಬರುವಂತೆ ಮಾಡಿ, ಪಕ್ಕಕ್ಕೆ ಬೆಂಕಿಯ ಜ್ವಾಲೆ ಬರೆದು, ಒಟ್ಟಿನಲ್ಲಿ ಮರ್ಯಾದಸ್ಥ ವಾಹನವನ್ನು ಪುಂಡನನ್ನಾಗಿ ಮಾಡುವುದು. ಹೊರದೇಶದ ಹುಡುಗರು ನಿಜವಾದ ಕಾರಿಗೆ ಮಾಡುವುದನ್ನು ಇವನು ಇಪ್ಪತ್ತೈದನೇ ಒಂದು ಪಾಲು ಗಾತ್ರದ ಪ್ಲಾಸ್ಟಿಕ್ಕಿಗೆ ಮಾಡುತ್ತಿದ್ದ. ಹಳೆಯ ಟೆಲಿಫೋನ್ ತಂತಿಯಿಂದ ಎಂಜಿನ್ನಿನ ವೈರು, ಗುಂಡುಸೂಜಿಯ ತಲೆಯಿಂದ ಬೋಲ್ಟು, ಹೆಂಡತಿಯ ಪರ್ಸಿನ ಒಳಚರ್ಮದಿಂದ ಸೀಟು. ಆ ಪರ್ಸು ಏನಾಯಿತೆಂದು ಆಕೆಗೆ ಇನ್ನೂ ಗೊತ್ತಿಲ್ಲ.

ಬಣ್ಣಕ್ಕೆ ನೇಲ್ ಪಾಲಿಶ್. ಕಾರಿನ ಅಂಗಡಿಯಲ್ಲಿ ಸಿಗದ ಹೊಳಪು ಅದರಲ್ಲಿ ಸಿಗುತ್ತದೆಂಬುದು ಈ ಹವ್ಯಾಸದವರಿಗೆಲ್ಲ ಗೊತ್ತು. ಇವನು ಆರಿಸಿದ್ದು ನಲವತ್ತೇಳನೇ ನಂಬರಿನ ಕೆಂಪು. ಬಿಸಿಲಿಗೆ ಹಿಡಿದರೆ ಒಳಗೆ ಬಂಗಾರದ ಪುಡಿ ಓಡಾಡುವ ಕೆಂಪು. ಇಪ್ಪತ್ತೆರಡು ಪದರ ಹೊಡೆದು ಉಜ್ಜಿದ್ದಾಗಿತ್ತು. ಬಲಬಾಗಿಲಿನ ಮೇಲೆ ಮಾತ್ರ ಒಂದು ಧೂಳಿನ ಕಣ ಕೂತಿದ್ದರಿಂದ ಬಣ್ಣವನ್ನೆಲ್ಲ ಕೆರೆದು, ಬಾಗಿಲನ್ನು ಬಿಡಿಯಾಗಿಟ್ಟು, ಇಂದು ಬೆಳಿಗ್ಗೆ ಹೊಸದಾಗಿ ಬಳಿಯಲು ಸೀಸೆಯ ತಳದಲ್ಲಿ ಅಷ್ಟು ಉಳಿಸಿಕೊಂಡಿದ್ದ. ಸಂಜೆ ಐದಕ್ಕೆ ಪುಟ್ಟ ಕಾರುಗಳ ಸಂಘದ ವಾರ್ಷಿಕ ಸ್ಪರ್ಧೆ. ನಾಲ್ಕು ವರ್ಷದಿಂದ ಅವನಿಗೆ ಅಲ್ಲಿ ಪ್ರೋತ್ಸಾಹಕರ ಬಹುಮಾನವೆಂದು ಒಂದು ಕಾಗದ ಕೊಡುತ್ತಿದ್ದರು. ಚೂರೂ ಕುಂದಿಲ್ಲದ ಕಾರಿಲ್ಲವೆಂದು ಮೊದಲ ಸ್ಥಾನವನ್ನು ಅಷ್ಟು ವರ್ಷವೂ ಯಾರಿಗೂ ಕೊಟ್ಟಿರಲಿಲ್ಲ. ಈ ಸಲ ಮೊದಲ ಸ್ಥಾನ ಬಾರದಿದ್ದರೆ ಎಲ್ಲ ಕಾರುಗಳನ್ನೂ ಗುಜರಿಗೆ ಹಾಕುತ್ತೇನೆಂದು ಅವನು ಹೆಂಡತಿಯ ಎದುರು ಆಣೆ ಮಾಡಿಬಿಟ್ಟಿದ್ದ. ಆಕೆ ಅಂದಿನಿಂದ ಮಂಚದ ಕೆಳಗೆ ಏನಿಡಬಹುದೆಂದು ಯೋಚಿಸುತ್ತಿದ್ದಳು.

ಎಡಬಾಗಿಲನ್ನೂ ಕಾರಿನಿಂದ ಬಿಚ್ಚಿ, ಹತ್ತಿ ಹಾಸಿದ ಬೆಂಕಿಪೊಟ್ಟಣದಲ್ಲಿ ಮಲಗಿಸಿ, ಬಣ್ಣ ಹೊಂದಿಸಲು ಮಾದರಿಯೆಂದು ಜೇಬಿಗೆ ಹಾಕಿಕೊಂಡು ಮೆಕ್ಯಾನಿಕ್ ಫ್ಯಾನ್ಸಿ ಸ್ಟೋರಿಗೆ ಓಡಿದ.

"ನಲವತ್ತೇಳು ಬರೋದು ನಿಂತು ಆರು ತಿಂಗಳಾಯ್ತು ಸಾರ್," ಅಂದ ಅಂಗಡಿಯವನು. "ಅಮ್ಮಾವ್ರಿಗೆ ಬೇರೆ ಕೆಂಪು ಕೊಡ್ಲಾ?"

"ಅಮ್ಮಾವ್ರಿಗಲ್ಲ, ನನಗೆ."

ಅಂಗಡಿಯವನು ಬಾಯಿ ಮುಚ್ಚಿಕೊಂಡು ಇದ್ದ ಕೆಂಪುಗಳನ್ನೆಲ್ಲ ಗಾಜಿನ ಮೇಲೆ ಸಾಲಾಗಿ ಇಟ್ಟ. ಮನೆಯಲ್ಲಾಗಿದ್ದರೆ ಮೆಕ್ಯಾನಿಕ್ ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಹಚ್ಚಿ ನೋಡುತ್ತಿದ್ದ, ಅದೇ ಪದ್ಧತಿ. ಇಲ್ಲಿ ಚಮಚವಿರಲಿಲ್ಲ. ಎಡಗೈ ಕಿರುಬೆರಳಿನಿಂದ ಶುರು ಮಾಡಿದ. ಒಂದು ಜಾಸ್ತಿ ಕಿತ್ತಳೆ, ಒಂದು ಜಾಸ್ತಿ ಗುಲಾಬಿ, ಒಂದರಲ್ಲಿ ಬಂಗಾರವೇ ಇಲ್ಲ. ಬಲಗೈ ಹೆಬ್ಬೆರಳು ಮುಗಿಯುವ ಹೊತ್ತಿಗೆ ಅಂಗಡಿಯಲ್ಲಿದ್ದ ಮೂವರು ಹೆಂಗಸರು ಬಳೆ ಆರಿಸುವುದನ್ನು ಬಿಟ್ಟು ಇವನನ್ನೇ ನೋಡುತ್ತಿದ್ದರು. ಹತ್ತು ಉಗುರಿಗೆ ಹತ್ತು ಕೆಂಪು, ಹನ್ನೊಂದನೆಯದು ಅವನ ಮುಖ. ಅಳಿಸುವ ದ್ರಾವಣ ಕೇಳಿದರೆ ಅದೂ ನಾಳೆ ಬರುತ್ತದಂತೆ. ಕಚೇರಿಯ ಹೊತ್ತಾಗಿತ್ತು. ಹಾಗೇ ಹೊರಟ.

ಅರ್ಧ ದಿನದ ರಜೆಗಾದರೂ ಮ್ಯಾನೇಜರ್ ಮೇಡಂ ಎದುರು ಹೋಗಿ ನಿಲ್ಲಲೇಬೇಕು. ಅವನು ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಒಳಗೆ ಹೋದ. ಮೇಡಂ ಪಕ್ಕದಲ್ಲಿ ಜವಾನ ಫೈಲು ಹಿಡಿದು ನಿಂತಿದ್ದ. ಆ ಜವಾನನ ಕಿವಿಗೆ ಬಿದ್ದದ್ದು ಊಟದ ಹೊತ್ತಿಗೆ ಮೂರು ಮಹಡಿಗೂ ತಲುಪುತ್ತಿತ್ತು.

"ಜೇಬಿಂದ ಕೈ ತೆಗೀರಿ. ಇದೇನು ಪಾರ್ಕಾ?" ಅಂದರು ಮೇಡಂ.

"ಚಳಿ ಮೇಡಂ."

"ಫ್ಯಾನ್ ಹಾಕಿದ್ರೂ ಬೆವರ್ತಿದ್ದೀರಲ್ರೀ."

ಎನ್ನುತ್ತಾ ಮೇಡಂ ರಜೆ ಅರ್ಜಿಗೆ ಸಹಿ ಮಾಡಲು ಪೆನ್ನು ಎತ್ತಿಕೊಂಡರು. ಕಿಟಕಿಯ ಬಿಸಿಲು ಅವರ ಬೆರಳ ಮೇಲೆ ಬಿತ್ತು. ಕೆಂಪು. ಒಳಗೆ ಬಂಗಾರದ ಪುಡಿ. ಮೆಕ್ಯಾನಿಕ್‌ಗೆ ತಾನೆಲ್ಲಿದ್ದೇನೆಂಬುದು ಮರೆತುಹೋಯಿತು. ಗಬಕ್ಕನೆ ಮೇಡಂ ಕೈ ಹಿಡಿದು ಕಿಟಕಿಯತ್ತ ಎಳೆದು, ಬೆಂಕಿಪೊಟ್ಟಣ ತೆಗೆದು, ಎಡಬಾಗಿಲನ್ನು ಅವರ ಉಂಗುರದ ಬೆರಳಿಗೆ ತಾಗಿಸಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ.

"ಏನ್ರೀ ಇದು!"

"ಬಾಗಿಲು ಮೇಡಂ."

"ನನ್ನ ಉಗುರಿಗೆ ಯಾಕ್ರೀ ಬಾಗಿಲು?"

"ಕೂಡ್ಲಿಲ್ಲ ಮೇಡಂ," ಎಂದು ಅವನು ನಿಟ್ಟುಸಿರು ಬಿಟ್ಟ. "ನಿಮ್ದು ಸ್ವಲ್ಪ ಮಂಕು. ವಯಸ್ಸಾದ ಕೆಂಪು."

ಆಮೇಲೆ ಮೇಡಂ ಏನೇನು ಹೇಳಿದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಸೋಮವಾರದೊಳಗೆ ಲಿಖಿತ ವಿವರಣೆ ಕೊಡಬೇಕೆಂಬುದು ಅದರ ಸಾರ. ರಜೆ ಮಾತ್ರ ಸಿಕ್ಕಿತು, ಅವನನ್ನು ಇನ್ನೊಂದು ಕ್ಷಣವೂ ಕಣ್ಣೆದುರು ನೋಡಲು ಅವರಿಗೆ ಇಷ್ಟವಿರಲಿಲ್ಲ.

ಅವನು ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಹೆಂಡತಿಯ ಫೋನು.

"ರೀ, ನಿಮ್ಮ ಜವಾನ ಫೋನ್ ಮಾಡಿದ್ದ. ಮೇಡಂ ಕೈ ಹಿಡ್ಕೊಂಡ್ರಂತೆ. ಉಗುರಿಗೆಲ್ಲ ಬಣ್ಣ ಹಚ್ಕೊಂಡಿದ್ದೀರಂತೆ. ಬೆಳಿಗ್ಗೆ ನೋಡಿದ್ರೆ ನನ್ನ ತಂಗಿ ಕಾಲು ಹಿಡಿಯೋಕೆ ಹೋಗಿದ್ರಂತೆ. ಏನಾಗಿದೆ ನಿಮಗೆ?"

"ಬಾಗಿಲಿಗೋಸ್ಕರ ಕಣೇ!"

"ಯಾವ ಬಾಗಿಲು? ಮನೆ ಬಾಗಿಲಾದ್ರೆ ಇವತ್ತು ಹಾಕಿರುತ್ತೆ."

ಫೋನು ಇಟ್ಟ ಸದ್ದು ಅವನ ಕಿವಿಯಲ್ಲಿ ಇನ್ನೂ ಇರುವಾಗಲೇ ಮತ್ತೊಂದು ಕರೆ ಬಂತು. ಅವನ ಮನೆಯ ಕೆಳಗಡೆ ಕ್ಲಿನಿಕ್ ಇಟ್ಟಿರುವ ದಂತವೈದ್ಯರು. ಇವರೂ ಅದೇ ಸಂಘದವರು, ಅದೇ ಸ್ಪರ್ಧೆಯವರು, ಪ್ರತಿ ವರ್ಷ ಎರಡನೇ ಸ್ಥಾನ. ಮೆಕ್ಯಾನಿಕ್ ಅವರನ್ನು ಬದ್ಧವೈರಿಯೆಂದೇ ತಿಳಿದಿದ್ದ.

"ಏನ್ ಸ್ವಾಮಿ, ಬಾಗಿಲಿಗೆ ಬಣ್ಣ ಇಲ್ವಂತೆ? ನಿಮ್ಮ ನಾದಿನಿ ಹೇಳಿದ್ರು. ಬೆಳಿಗ್ಗೆಯಿಂದ ಸಂಘದವರೆಲ್ಲ ಹುಡುಕ್ತಿದ್ದೀವಿ. ಖಜಾಂಚಿ ಪಾಪ ಮಂಡಿನೋವು ಇಟ್ಕೊಂಡು ನಾಲ್ಕು ಬೀದಿ ಸುತ್ತಿದ್ರು. ಕೊನೆಗೆ ನಮ್ಮ ನರ್ಸಮ್ಮನ ಚೀಲದಲ್ಲೇ ಸಿಕ್ತು, ನಲವತ್ತೇಳು! ಬೇಗ ಬನ್ನಿ."

ಮನೆಯವರು ಬಾಗಿಲು ಹಾಕಿದರೂ ವೈರಿಗಳು ತೆರೆದರಲ್ಲ ಎಂದು ಮೆಕ್ಯಾನಿಕ್ ಕಣ್ಣು ಒರೆಸಿಕೊಂಡು ಆಟೋ ಹತ್ತಿದ.

ಕ್ಲಿನಿಕ್ಕಿನಲ್ಲಿ ಎಲ್ಲ ಸಿದ್ಧವಾಗಿತ್ತು. ಕಾರನ್ನೂ ಬಲಬಾಗಿಲನ್ನೂ ನಾದಿನಿಯಿಂದ ತರಿಸಿ ಇಟ್ಟಿದ್ದರು. ಕುರ್ಚಿಯಲ್ಲಿದ್ದ ರೋಗಿಯನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದರು. ಆತನಿಗೆ ಆಗಲೇ ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗಿತ್ತು.

"ಅಅ… ಒಒ ಅಅ…" ಎಂದ ರೋಗಿ.

"ಹತ್ತೇ ನಿಮಿಷ ಯಜಮಾನ್ರೇ, ಹಲ್ಲು ಎಲ್ಲಿಗೂ ಓಡಿಹೋಗಲ್ಲ," ಅಂದರು ವೈದ್ಯರು, ದೀಪವನ್ನು ಬಾಗಿಲಿನ ಮೇಲೆ ತಿರುಗಿಸುತ್ತಾ.

ಮೆಕ್ಯಾನಿಕ್ ಉಸಿರು ಬಿಗಿಹಿಡಿದು ಒಂದೊಂದೇ ಪದರ ಬಳಿದ. ವೈದ್ಯರು ಉಗುಳು ಹೀರುವ ಕೊಳವೆಯಿಂದ ಸುತ್ತಲಿನ ಧೂಳು ಹೀರಿದರು, ಹಲ್ಲಿಗೆ ಗಾಳಿ ಊದುವ ಪಿಸ್ತೂಲಿನಿಂದ ಪ್ರತಿ ಪದರವನ್ನೂ ಒಣಗಿಸಿದರು. "ಆ ಮೂಲೆ, ಆ ಮೂಲೆ ನೋಡಿ. ಒಂದು ಚೂರೂ ತಪ್ಪಿರಬಾರದು," ಎಂದು ಎಚ್ಚರಿಸಿದರು. ಹತ್ತು ನಿಮಿಷ ಎರಡು ಗಂಟೆಯಾಯಿತು. ರೋಗಿಯ ದವಡೆಗೆ ಜೀವ ವಾಪಸು ಬಂದು ಆತ ಎದ್ದು ಹೋದರೂ ವೈದ್ಯರು ತಲೆ ಎತ್ತಲಿಲ್ಲ. ಎರಡೂ ಬಾಗಿಲು ಕೂಡಿಸಿ ಮುಚ್ಚಿದಾಗ ಕಾರು ಕುದಿಯುತ್ತಿರುವ ಬೆಲ್ಲದ ಪಾಕದಂತೆ ಹೊಳೆಯಿತು. ವೈದ್ಯರು ತಮ್ಮ ಕಾರಿನಲ್ಲೇ, ಗುಂಡಿಗಳನ್ನು ತಪ್ಪಿಸುತ್ತಾ, ಅವನನ್ನು ಸಭಾಂಗಣಕ್ಕೆ ಕರೆದೊಯ್ದರು.

ಉದ್ದದ ಮೇಜಿನ ಮೇಲೆ ಮೂವತ್ತು ಕಾರುಗಳು ಸಾಲಾಗಿ ನಿಂತಿದ್ದವು. ಮೆಕ್ಯಾನಿಕ್ ಒಂದು ಸುತ್ತು ಹಾಕಿದ. ಮೊದಲು ಹೊಟ್ಟೆಕಿಚ್ಚು, ಆಮೇಲೆ ಆಶ್ಚರ್ಯ, ಕೊನೆಗೆ ತಿರಸ್ಕಾರ. ಖಜಾಂಚಿಯ ಕಾರಿನಲ್ಲಿ ಜ್ವಾಲೆ ಅರ್ಧಕ್ಕೇ ನಿಂತಿದೆ. ಇನ್ನೊಂದಕ್ಕೆ ಹಿಂದಿನ ಚಕ್ರ ಸೊಟ್ಟ. ವೈದ್ಯರ ಬಿಳಿ ಕಾರು ಅವನದಕ್ಕಿಂತ ಒಂದು ಕೈ ಮೇಲು, ಆದರೆ ಎಡಗಡೆಯ ಕನ್ನಡಿಯೇ ಇಲ್ಲ. ಇಷ್ಟು ವರ್ಷದಿಂದ ಮಾಡುತ್ತಿದ್ದಾರೆ, ಕೊನೆಗೊಮ್ಮೆ ಕಣ್ಣು ಹಾಯಿಸುವ ವ್ಯವಧಾನವೂ ಇಲ್ಲವಲ್ಲ ಎಂದು ಅವನು ಒಳಗೊಳಗೇ ಬೀಗಿದ.

ಬೇರೆ ಊರಿನಿಂದ ಬಂದ ತೀರ್ಪುಗಾರ ಭೂತಗನ್ನಡಿ ಹಿಡಿದು ನಡೆಯುತ್ತಾ ಬಂದು ಮೆಕ್ಯಾನಿಕ್‌ನ ಕಾರಿನ ಮುಂದೆ ಬಗ್ಗಿದವರು ಐದು ನಿಮಿಷ ಏಳಲಿಲ್ಲ. ಬಲಬಾಗಿಲನ್ನು ಸೂಜಿಯಿಂದ ತೆರೆದು, ಮುಚ್ಚಿ, ತಲೆದೂಗಿದರು.

"ಈ ಮೇಜಿನ ಮೇಲೆ ಪೂರ್ತಿ ಮುಗಿದಿರೋದು ಇದೊಂದೇ ಕಾರು. ಮೊದಲ ಸ್ಥಾನ."

ಚಪ್ಪಾಳೆ ಅಂದರೆ ಚಪ್ಪಾಳೆ! ಸೋತವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಖಜಾಂಚಿ ಮಂಡಿನೋವು ಮರೆತು ಕುಣಿದರು. ಸಂಘದ ಕಾರ್ಯದರ್ಶಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಕಣ್ಣೀರು ಸುರಿಸುತ್ತಾ ವೇದಿಕೆಗೆ ಬಂದು ಮೆಕ್ಯಾನಿಕ್‌ನ ಒಂದು ಕೈಗೆ ಬಹುಮಾನದ ಕಪ್ ಕೊಟ್ಟರು. ಇನ್ನೊಂದು ಕೈಗೆ ಒಂದು ಬೀಗದ ಕೈ ಗೊಂಚಲು, ಮೂರು ದಪ್ಪ ಪುಸ್ತಕ, ಒಂದು ಪೊರಕೆ.

"ಇದೇನು ಮೇಷ್ಟ್ರೇ?"

"ಹನ್ನೊಂದನೇ ನಿಯಮ ಕಣಪ್ಪಾ. ಮೊದಲ ಸ್ಥಾನ ಬಂದೋರು ಐದು ವರ್ಷ ಕಾರ್ಯದರ್ಶಿ. ಭಾನುವಾರ ಬಾಗಿಲು ತೆಗೆಯೋದು, ಗುಡಿಸೋದು, ಕುರ್ಚಿ ಹಾಕೋದು, ಎಲ್ಲರ ಜಗಳ ಬಿಡಿಸೋದು. ಕಾರ್ಯದರ್ಶಿ ಆಗಿರೋವರೆಗೆ ಸ್ಪರ್ಧೆಗೆ ಕಾರು ಇಡಂಗಿಲ್ಲ. ಗೆದ್ದ ಕಾರು ಸಂಘದ ಗಾಜಿನ ಬೀರೂಲೇ ಇರ್ಬೇಕು. ಇವತ್ತಿಗೆ ನಂದು ಮುಗೀತು. ಒಳ್ಳೇದಾಗ್ಲಿ ನಿನಗೆ!" ಎಂದು ಮೇಷ್ಟ್ರು ಗಾಜಿನ ಬೀರುವಿನೊಳಗಿದ್ದ ತಮ್ಮ ನೀಲಿ ಕಾರನ್ನು ಎದೆಗವಚಿಕೊಂಡು, ಯಾರ ಮನಸ್ಸಾದರೂ ಬದಲಾದೀತೆಂಬ ಭಯದಿಂದ ಎಂಬಂತೆ ಹಿಂದಿನ ಬಾಗಿಲಿನಿಂದ ಹೊರಟೇಹೋದರು.

ದಿನವೂ ಕೌಂಟರಿನಲ್ಲಿ ಕೂತು, ನಿಯಮ ಓದದೆ ಯಾಕೆ ಸಹಿ ಹಾಕಿದಿರಿ ಎಂದು ಜನರನ್ನು ಗದರುತ್ತಿದ್ದವನು ನಾಲ್ಕು ವರ್ಷದಿಂದ ಸಂಘದ ನಿಯಮಗಳನ್ನು ಆರನೆಯದರ ಆಚೆಗೆ ಓದಿರಲಿಲ್ಲ.

"ಡಾಕ್ಟ್ರೇ, ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ? ಆ ಕನ್ನಡಿ ಮಾಡೋಕೆ ಮೂರು ದಿನ ಹಿಡೀತು ಸ್ವಾಮಿ," ಎಂದು ವೈದ್ಯರು ಅಂಗಿಯ ಜೇಬಿನಿಂದ ಕಡಲೆಬೀಜದಷ್ಟು ದೊಡ್ಡ ಕನ್ನಡಿಯೊಂದನ್ನು ತೆಗೆದು ತೋರಿಸಿದರು. "ಪ್ರತಿ ವರ್ಷ ಇಲ್ಲಿಗೆ ಬರೋ ಮುಂಚೆ ಏನಾದ್ರೂ ಒಂದು ಕಿತ್ತು ಜೇಬಿಗೆ ಹಾಕ್ಕೊಳ್ತೀನಿ. ಹೊಟ್ಟೆ ಉರಿಯುತ್ತೆ. ಎಲ್ರೂ ಅಷ್ಟೇ. ಈ ಸಲ ಮೇಷ್ಟ್ರ ಐದು ವರ್ಷ ಮುಗಿಯೋದಿತ್ತಲ್ಲ, ಯಾರಾದ್ರೂ ಒಬ್ರು ಗೆಲ್ಲಲೇಬೇಕಿತ್ತು, ನಿಮ್ಮ ಬಾಗಿಲು ಆಗಲ್ಲ ಅಂತ ಕೇಳಿದಾಗ ನಮಗೆಲ್ಲ ಎಷ್ಟು ಗಾಬರಿ ಆಯ್ತು ಅಂತೀರಿ!"

"ಆ ನಿಯಮ ತೆಗೆದುಹಾಕ್ತೀನಿ! ಸಭೆ ಕರೀತೀನಿ!"

"ಕರೀರಿ, ಕಾರ್ಯದರ್ಶಿ ನೀವೇ ತಾನೇ. ಕೈ ಎತ್ತೋರು ಮಾತ್ರ ನಾವು," ಎಂದು ವೈದ್ಯರು ಅವನ ಬೆನ್ನು ತಟ್ಟಿ ಹೊರಟರು. ಹಿಂದೆಯೇ ಎಲ್ಲರೂ ತಮ್ಮ ತಮ್ಮ ಸೊಟ್ಟ ಚಕ್ರದ, ಅರ್ಧ ಜ್ವಾಲೆಯ ಕಾರುಗಳನ್ನು ಡಬ್ಬಿಗೆ ಹಾಕಿಕೊಂಡು ಹೊರಟರು.

ಹೆಂಡತಿ ತಂಗಿಯನ್ನು ಹಿಂದಿಟ್ಟುಕೊಂಡು ಒಳಗೆ ಬಂದಾಗ ಸಭಾಂಗಣದಲ್ಲಿ ಮೆಕ್ಯಾನಿಕ್ ಒಬ್ಬನೇ ಇದ್ದ. ಜಗಳಕ್ಕೆಂದೇ ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು. ಅವನ ಕೈಯಲ್ಲಿನ ಕಪ್ ನೋಡಿದಳು, ಉಗುರು ನೋಡಿದಳು, ಗಾಜಿನ ಬೀರುವಿನೊಳಗಿನ ಕಾರು ನೋಡಿದಳು. ಹತ್ತಿರ ಹೋಗಿ ಗಾಜಿಗೆ ಮೂಗು ತಾಗಿಸಿ ನಿಂತಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಅವನ ಒಂದು ಕಾರನ್ನಾದರೂ ಹಾಗೆ ನೋಡಿದ್ದಿಲ್ಲ.

"ರೀ, ಇದಕ್ಕೋಸ್ಕರಾನಾ ಇಷ್ಟೆಲ್ಲ? ನಿಜವಾಗ್ಲೂ ಮೊದಲನೇ ಸ್ಥಾನ ಬಂತಾ?" ಅವಳ ದನಿ ಮೆತ್ತಗಾಗಿತ್ತು. "ಎಷ್ಟು ಚೆನ್ನಾಗಿದೆ! ನಾನು ಸುಮ್ನೆ ಬೈತಿದ್ದೆ. ಮನೇಲಿ ಹಾಲ್‌ನ ಷೋಕೇಸ್ ಇವತ್ತೇ ಖಾಲಿ ಮಾಡ್ತೀನಿ. ನನ್ನ ಗಾಜಿನ ಲೋಟಗಳನ್ನೆಲ್ಲ ಅಡುಗೆಮನೆಗೆ ಸಾಗಿಸ್ತೀನಿ. ಬೀಗದ ಕೈ ನಿಮ್ಮ ಹತ್ರಾನೇ ಇದೆಯಲ್ಲ. ತೆಗೀರಿ, ಕಾರು ತಗೊಂಡು ಹೋಗೋಣ."

ಮೆಕ್ಯಾನಿಕ್ ಕೈಯಲ್ಲಿದ್ದ ಗೊಂಚಲನ್ನು ನೋಡಿದ. ಗಾಜಿನ ಬೀರುವಿನ ಕೀಲಿ ಅದರಲ್ಲಿತ್ತು. ಬೀಗ ಹಾಕಿದ್ದವನೂ ಅವನೇ. ಗೊಂಚಲನ್ನು ಜೇಬಿಗೆ ಹಾಕಿಕೊಂಡು, ಹತ್ತಿರದ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದ. ಇನ್ನೂ ಐವತ್ತೊಂಬತ್ತು ಕುರ್ಚಿಗಳಿದ್ದವು.